ತುಪ್ಪ ಬೇಡವೆಂದ ಸಡ್ಡಕ

ನನ್ನ ಸಡ್ಡಕನಷ್ಟು ಕೆಟ್ಟ ಮನುಷ್ಯ ನಿಜಾಮರ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಹೆಂಡತಿಯ ಮೇಲೆ ದನಿ ಏರಿಸುತ್ತಿರಲಿಲ್ಲ. ಅಷ್ಟು ಸಾಲದೆಂದು ಊಟದಲ್ಲಿಯೂ ಹಿತಮಿತ. ಇಂಥವನ ಪಕ್ಕದ ಮಣೆಯಲ್ಲಿ ಕುಳಿತು ವರ್ಷಗಟ್ಟಲೆ ಅತ್ತೆಮನೆಯ ಊಟ ಮಾಡಿದವನ ಸಂಕಟ ನಿಮಗೆ ಹೇಗೆ ಗೊತ್ತಾಗಬೇಕು?

ಆತ ನನ್ನ ಹೆಂಡತಿಯ ಅಕ್ಕನ ಗಂಡ. ಕಲ್ಯಾಣದ ಶಾಲೆಯಲ್ಲಿ ಲೆಕ್ಕದ ಮಾಸ್ತರ. ಈಗಿನ ಬಸವಕಲ್ಯಾಣವನ್ನು ಆಗ ನಾವು ಬರೀ ಕಲ್ಯಾಣ ಎನ್ನುತ್ತಿದ್ದೆವು. ನಾನೂ ಅದೇ ಊರಿನವನು, ಬಟ್ಟೆ ಅಂಗಡಿಯವನು. ಇಬ್ಬರಿಗೂ ಅತ್ತೆಮನೆ ಹುಮನಾಬಾದು. ಮಾವನವರಿಗೆ ಅಲ್ಲಿ ಕಾಳುಕಡಿಯ ದೊಡ್ಡ ಅಂಗಡಿ. ಒಂದೇ ಹಂದರದಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ ಧಾರೆ ಎರೆದು, ನಮ್ಮಿಬ್ಬರನ್ನೂ ಒಂದೇ ಸಲ ಅಳಿಯಂದಿರನ್ನಾಗಿ ಮಾಡಿಕೊಂಡಿದ್ದರು. ಹೋಲಿಸಿ ನೋಡುವವರಿಗೆ ಎಂಥ ಅನುಕೂಲ ನೋಡಿ.

ಆ ಮನೆಯಲ್ಲಿ ಪ್ರೀತಿಯನ್ನು ತುಪ್ಪದಿಂದ ಅಳೆಯುತ್ತಿದ್ದರು. ಅಳಿಯನ ಗಂಗಾಳಕ್ಕೆ ಅತ್ತೆಯೇ ಬಂದು ಗಿಂಡಿಯಿಂದ ತುಪ್ಪ ಸುರಿಯಬೇಕು. ಅಳಿಯ ‘ಸಾಕ್ರಿ’ ಎನ್ನಬೇಕು. ಅತ್ತೆ ಕೇಳಿಸದವರಂತೆ ಇನ್ನಷ್ಟು ಸುರಿಯಬೇಕು. ‘ಸಾಕು’ ಎನ್ನುವವರೆಗಿನದು ಮರ್ಯಾದೆ, ಆಮೇಲೆ ಬಿದ್ದದ್ದು ಪ್ರೀತಿ. ತುಪ್ಪವೇ ಬೇಡ ಎಂದನೋ, ಅಳಿಯ ಮುನಿದಿದ್ದಾನೆ, ಏನೋ ಕೇಳಬೇಕೆಂದಿದ್ದಾನೆ ಎಂದೇ ಅರ್ಥ. ಇದು ಹುಮನಾಬಾದಿನ ಎಮ್ಮೆಗಳಿಗೂ ಗೊತ್ತಿತ್ತು. ಕಲ್ಯಾಣದ ಮಾಸ್ತರನಿಗೆ ಗೊತ್ತಿರಲಿಲ್ಲ.

ಮದುವೆಯ ನಂತರದ ಮೊದಲ ಹಬ್ಬ. ನನ್ನ ಹೋಳಿಗೆ ತುಪ್ಪದಲ್ಲಿ ತೇಲಾಡುತ್ತಿತ್ತು. ಅತ್ತೆ ಆತನ ಕಡೆ ಗಿಂಡಿ ಬಾಗಿಸುವ ಮೊದಲೇ ಆತ ಗಂಗಾಳದ ಮೇಲೆ ಅಂಗೈ ಅಡ್ಡ ಹಿಡಿದ.

“ಸಾಕ್ರಿ ಅತ್ತಿ. ತುಪ್ಪ ಬ್ಯಾಡ. ಜರಾ ಮಡಕಿ ಕಾಳು ಇದ್ರ ಹಾಕ್ರಿ. ಅಗಸಿ ಹಿಂಡಿ ಇದ್ರ ಇನ್ನೂ ಛಲೋ.”

ಹಬ್ಬದ ದಿನ ಅಳಿಯ ಮೊಳಕೆಯ ಮಡಕಿ ಕಾಳು, ಅಗಸೆಯ ಚಟ್ನಿಪುಡಿ ಕೇಳುವುದೆಂದರೇನು? ಅತ್ತೆಯ ಮುಖ ಬಿಳಚಿಕೊಂಡಿತು. ಒಳಗೆ ಗಂಡಹೆಂಡಿರ ಪಿಸುಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಮಾಸ್ತರ್ರು ನಾರಾಜ್ ಆಗ್ಯಾರ,” ಎಂದರು ಮಾವ.

“ಮದಿವ್ಯಾಗ ಹಾಕಿದ ಉಂಗುರ ಹಗುರಾತೇನೋ ಅಂತೀನಿ. ನೀವರೆ ಅವತ್ತು ಅಕ್ಕಸಾಲ್ಯಾನ ಕೂಡ ಅಷ್ಟು ಜಗ್ಗಾಡಬ್ಯಾಡ್ರಿ ಅಂದ್ರ ಕೇಳಲಿಲ್ಲ.”

ಹೊರಗೆ ಆತ ನನಗೆ ಪಾಠ ಶುರು ಮಾಡಿದ್ದ. “ನೋಡು ತಮ್ಮ, ಮೈ ಅಂದ್ರ ಮನಿ ಇದ್ದಂಗ. ಮನಿಗೆ ಒಲಿಗೆ ಕಟಗಿ ಬೇಕು, ಗ್ವಾಡಿಗೆ ಇಟ್ಟಂಗಿ ಬೇಕು, ದೀಪಕ್ಕ ಎಣ್ಣಿ ಬೇಕು. ಜ್ವಾಳ ಕಟಗಿ. ಬ್ಯಾಳಿ, ಕಾಳು, ಹಾಲು ಇಟ್ಟಂಗಿ. ಶೇಂಗಾ, ಅಗಸಿ, ಕುಸುಬಿ ದೀಪದ ಎಣ್ಣಿ. ನೀ ಏನು ಮಾಡಾಕತ್ತಿ? ಗ್ವಾಡಿ ಕಟ್ಟಲಾರದ ಮನ್ಯಾಗ ಕೊಡಗಟ್ಟಲೆ ಎಣ್ಣಿ ಸುರುವಾಕತ್ತಿ.”

“ಅನ್ನಾನೂ ಕಟಗೀನೇ ಏನು?” ಎಂದೆ, ಸಿಟ್ಟಿನಿಂದ.

“ಬಿಳಿ ಅನ್ನ ಹುಲ್ಲು. ಭಗ್ಗನೆ ಹತ್ತತದ, ಆರತದ, ಮತ್ತ ಹಸಿವಿ. ಜ್ವಾಳದ ರೊಟ್ಟಿ ಜಾಲಿ ಕಟಗಿ, ಸಾವಕಾಶ ಉರೀತದ.”

ಮರುದಿನ ಮಾವ ಆತನನ್ನು ಅಂಗಡಿಗೆ ಕರೆದೊಯ್ದರು. ನಾನೂ ಹಿಂದೆ ಹೋದೆ, ಬಿಡುತ್ತೇನೆಯೇ? ಜೋಳ, ತೊಗರಿ, ಕುಸುಬಿಯ ರಾಶಿಗಳ ನಡುವೆ ಹೊಚ್ಚ ಹೊಸ ಸೈಕಲ್ಲೊಂದು ನಿಂತಿತ್ತು. ಮಾವ ಕೈಮುಗಿದು, “ಮಾಸ್ತರ್ರ, ನಮ್ಮ ಕಡಿಂದ ಏನರೆ ಕಮ್ಮಿ ಆಗಿದ್ರ ಮನಸಿಗೆ ಹಚ್ಕೋಬ್ಯಾಡ್ರಿ,” ಎಂದರು. ಆತ ಸೈಕಲ್ಲಿನ ಗಂಟೆ ಬಾರಿಸಿ ನೋಡಿ, “ಭಾಳ ಛಲೋ ಆತ್ರಿ ಮಾವ. ಉಂಡ ಕಟಗಿ ಉರೀಬೇಕಲ್ಲ,” ಎಂದು ಹತ್ತಿಕೊಂಡು ಹೋಗಿಯೇಬಿಟ್ಟ. ಯಾಕೆ ಕೊಟ್ಟರೆಂದು ಆತನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಸೈಕಲ್ಲು ಮರುದಿನವೇ ಬಂತೆಂಬುದನ್ನು ನನ್ನ ಹೆಂಡತಿ ಒಪ್ಪುವುದಿಲ್ಲ. ಅದು ಹೈದರಾಬಾದಿನಿಂದ ಬರಬೇಕಿತ್ತು, ದೀಪಾವಳಿಯ ಹೊತ್ತಿಗೆ ಬಂತು ಎನ್ನುತ್ತಾಳೆ. ಇರಬಹುದು. ಹೊಟ್ಟೆಕಿಚ್ಚು ಪಟ್ಟವನ ನೆನಪಿನಲ್ಲಿ ಪಕ್ಕದವನಿಗೆ ಸಿಕ್ಕಿದ್ದೆಲ್ಲ ಮರುದಿನವೇ ಸಿಕ್ಕಿರುತ್ತದೆ.

ನಾನು ದಡ್ಡನಲ್ಲ. ತುಪ್ಪ ತಿಂದವನಿಗೆ ಹೊಟ್ಟೆ, ಬೇಡವೆಂದವನಿಗೆ ಸೈಕಲ್ಲು ಎಂದಮೇಲೆ ಮಾಡಬೇಕಾದದ್ದೇನು? ನನ್ನ ಮನಸ್ಸಿನಲ್ಲಿ ಒಂದು ಕೈಗಡಿಯಾರವಿತ್ತು. ಮುಂದಿನ ಹಬ್ಬದಲ್ಲಿ ಅತ್ತೆ ಗಿಂಡಿ ತಂದಾಗ ನಾನೂ ಅಂಗೈ ಅಡ್ಡ ಹಿಡಿದು, ಆದಷ್ಟು ಮುನಿದ ದನಿಯಲ್ಲಿ, “ತುಪ್ಪ ಬ್ಯಾಡ್ರಿ,” ಎಂದೆ. ಅತ್ತೆ ನನ್ನ ಮುಖ ನೋಡಿದರು. ಕೈಗಡಿಯಾರ ಕಣ್ಣ ಮುಂದೆಯೇ ಟಿಕ್‌ಟಿಕ್ ಎನ್ನುತ್ತಿತ್ತು.

“ಅಯ್ಯ, ಹೊಟ್ಟಿ ಕೆಟ್ಟದೇನ್ರಿ? ನಿನ್ನಿ ಆ ಪರಿ ಭಜಿ ತಿನಬ್ಯಾಡ್ರಿ ಅಂದ್ರ ಕೇಳಲಿಲ್ಲ.”

ಗಂಗಾಳ ಎತ್ತಿಕೊಂಡು ಹೋದರು. ಬದಲಿಗೆ ಒಂದು ಲೋಟ ಅಜವಾನದ ಕಷಾಯ ಬಂತು. ಪಕ್ಕದಲ್ಲಿ ಮಾಸ್ತರ ಹೋಳಿಗೆಯನ್ನು ಹಾಲಿನಲ್ಲಿ ಅದ್ದಿಕೊಂಡು, ನಡುನಡುವೆ ಮಡಕಿ ಕಾಳು ಬಾಯಿಗೆ ಹಾಕಿಕೊಂಡು, ನೆಮ್ಮದಿಯಾಗಿ ಉಣ್ಣುತ್ತಿದ್ದ.

ಹೋಗಲಿ, ಸೈಕಲ್ಲು ಕಬ್ಬಿಣದ್ದು, ತುಕ್ಕು ಹಿಡಿಯುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅತ್ತೆಯನ್ನೇ ಆತ ಒಲಿಸಿಕೊಂಡದ್ದಕ್ಕೆ ಏನು ಸಮಾಧಾನ? ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವನು ನಾನು. ಒಬ್ಬಾಕೆ ನಿಂತು ನನ್ನ ಗಂಗಾಳ ನೋಡಿ ಬಡಿಸಿದ್ದು ಆ ಮನೆಯಲ್ಲೇ ಮೊದಲು. ಈಗ ಆಕೆ, ಮಾಸ್ತರ ಬರುತ್ತಾನೆಂದರೆ ಹಿಂದಿನ ದಿನವೇ ಮಡಕಿ ಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂತೋ ಇಲ್ಲವೋ ಎಂದು ಹಸುಗೂಸನ್ನು ನೋಡುವಂತೆ ಬಿಚ್ಚಿ ಬಿಚ್ಚಿ ನೋಡುತ್ತಿದ್ದರು. ನನ್ನ ತುಪ್ಪವೇನೋ ಬರುತ್ತಿತ್ತು. ಆದರೆ ಅದಕ್ಕಾಗಿ ಯಾರೂ ಹಿಂದಿನ ದಿನದಿಂದ ಕಾಯುತ್ತಿರಲಿಲ್ಲವಲ್ಲ. ಒಂದು ದಿನ ಅತ್ತೆ ನನಗೇ, “ರೊಟ್ಟಿ ಒಂದು ಕಮ್ಮಿ ಮಾಡಿ ಬ್ಯಾಳಿ ಒಂದು ಸೌಟು ಹೆಚ್ಚು ಉಣ್ರಿ, ಮಾಸ್ತರ್ರು ಹೇಳ್ಯಾರ,” ಎಂದರು. ನಾನು ಹಟಕ್ಕೆ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಕಲ್ಯಾಣಕ್ಕೆ ಹೋಗುವ ಬಸ್ಸು ಪ್ರತಿ ತಗ್ಗಿನಲ್ಲಿಯೂ ನನಗೆ ಅದನ್ನು ನೆನಪಿಸಿತು. ಆತ ಸೈಕಲ್ ಮೇಲೆ ನಮ್ಮ ಬಸ್ಸಿಗಿಂತ ಮೊದಲೇ ಊರು ಮುಟ್ಟಿದ್ದ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು ಎನ್ನುವುದು ನನ್ನ ಹೆಂಡತಿಯ ತಿದ್ದುಪಡಿ.

ಆಮೇಲೆ ಯುದ್ಧದ ಕಾಲ ಬಂತು. ಕಾಳು ತುಟ್ಟಿಯಾಯಿತು, ಮಾವನ ಅಂಗಡಿಯ ರಾಶಿಗಳು ಕರಗಿದವು. ಒಂದು ಚಳಿಗಾಲ ಮಾವನೂ ಹೋದರು. ಅತ್ತೆ ಅಳಲಿಲ್ಲ. ಊಟ ಬಿಟ್ಟರು. ಹೊತ್ತಿಗೊಂದು ಬಟ್ಟಲು ತಿಳಿ ಗಂಜಿ, ಅಷ್ಟೇ. ತಿಂಗಳೊಪ್ಪತ್ತಿನಲ್ಲಿ ಕುಪ್ಪಸದ ತೋಳುಗಳು ಜೋತಾಡುವಂತಾದವು. ಹೆಣ್ಣುಮಕ್ಕಳು ಅತ್ತರು. ನಾನು ಕಲ್ಯಾಣದಿಂದ ಪೇಡೆ ಒಯ್ದು ಕೈಗಿಟ್ಟೆ. ಅದನ್ನು ಓಣಿಯ ಮಕ್ಕಳಿಗೆ ಹಂಚಿಬಿಟ್ಟರು.

“ಯಾರಿಗೆ ಮಾಡಿ ಹಾಕ್ಲಿ? ಯಾರಿಗಂತ ಉಣ್ಲಿ?” ಎನ್ನುತ್ತಿದ್ದರು.

ಒಂದು ರವಿವಾರ ನಾವಿಬ್ಬರೂ ಅಲ್ಲಿದ್ದಾಗ ಮಾಸ್ತರ ಸೈಕಲ್ ತುಳಿದುಕೊಂಡು ಬಂದ. ಬೆವರು ಒರೆಸಿಕೊಂಡು ಸೀದಾ ಅಡುಗೆಮನೆಗೆ ಹೋಗಿ ಮಣೆ ಹಾಕಿಕೊಂಡು ಕುಳಿತ. ನಾನೂ ಅಭ್ಯಾಸದಂತೆ ಪಕ್ಕದಲ್ಲಿ ಕುಳಿತೆ. ಪಾಠ ಶುರುವಾಗುತ್ತದೆ, ಕಟಗಿ ಇಟ್ಟಂಗಿ ಎನ್ನುತ್ತಾನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ನನ್ನ ಹೆಂಡತಿ ಇಬ್ಬರಿಗೂ ರೊಟ್ಟಿ ಹಾಕಿದಳು.

“ಅತ್ತಿ,” ಎಂದ ಆತ. “ತುಪ್ಪ ಅದ ಏನ್ರಿ?”

ಗೋಡೆಗೆ ಒರಗಿದ್ದ ಅತ್ತೆ ಕಣ್ಣು ತೆರೆದರು. “ಯಾರಿಗ್ರಿ?”

“ನನಗ. ನಾ ಇಷ್ಟು ವರ್ಷ ನಿಮ್ಮ ಕೈ ತುಪ್ಪ ಉಂಡಿಲ್ಲ. ಇವತ್ತು ಉಣ್ತೀನಿ. ನೀವು ಒಂದು ಬಟ್ಟಲು ಬ್ಯಾಳಿ ಉಣ್ಣೂದಿದ್ರ.”

“ಮಾಸ್ತರ್ರ, ಚಾಷ್ಟಿ ಮಾಡಾಕತ್ತೀರಿ.”

“ಖರೇ ಹೇಳಾಕತ್ತೀನಿ. ಆದ್ರ ನೀವೇ ಬಂದು ಹಾಕಬೇಕು.”

ಅತ್ತೆ ಗೋಡೆ ಹಿಡಿದು ಎದ್ದರು. ಗಿಂಡಿ ಬಾಗಿಸಿದರು. ತುಪ್ಪ ರೊಟ್ಟಿಯ ಮೇಲೆ ಬಿತ್ತು, ಆತನ ಬೆರಳುಗಳ ಮೇಲೆ ಬಿತ್ತು, ರೊಟ್ಟಿಯ ಅಂಚಿನಿಂದ ಗಂಗಾಳಕ್ಕೆ ಇಳಿಯಿತು. ಗಿಂಡಿ ಬಾಗುವ ಮೊದಲೇ ‘ಸಾಕು’ ಎನ್ನುತ್ತಿದ್ದ ಆ ಮನುಷ್ಯ ಸುಮ್ಮನೆ ಕುಳಿತಿದ್ದ. ನನಗೇ ತಡೆಯಲಾಗಲಿಲ್ಲ.

“ಸಾಕ್ರಿ ಅತ್ತಿ,” ಎಂದೆ. ಆತನ ಆರೋಗ್ಯದ ಕಾಳಜಿಗೋ, ನನ್ನ ಹೊಟ್ಟೆಯ ಉರಿಗೋ, ಇಂದಿಗೂ ಹೇಳಲಾರೆ.

“ನೀವು ಸುಮ್ಮಕಿರ್ರಿ. ನಿಮಗೂ ಹಾಕ್ತೀನಿ,” ಎಂದು ಗದರಿದರು. ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಕೇಳಿದ ಗದರಿಕೆ ಅದು. ನನ್ನ ಪಾಲಿನದು ಅದೇ.

ಗಿಂಡಿ ಬರಿದಾದ ಮೇಲೆ ಅತ್ತೆ ನಮ್ಮ ಎದುರು ಕುಳಿತು, ಬೇಳೆಯ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಆ ದಿನಗಳಲ್ಲಿ ಮನೆಯಲ್ಲಿ ತುಪ್ಪವೆಲ್ಲಿತ್ತು, ಗಿಂಡಿಯಲ್ಲಿದ್ದದ್ದು ಕುಸುಬಿ ಎಣ್ಣೆ ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಆತ ಸಾಕು ಎನ್ನಲಿಲ್ಲವೆಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ.