ಮಾವನ ಸಿಮ್ಮು, ಮಗ್ಗದ ಗುಂಡಿ

ಒಂದು ಒಗಟು. ಗುಂಡಿಯಾಗೆ ಸತ್ತಂಗಿರ್ತದೆ, ಕಾಲು ಒತ್ತಿದ್ರೆ ಮಾತಾಡ್ತದೆ, ಬಿಟ್ರೆ ಬಾಯಿ ಮುಚ್ಕೊಳ್ತದೆ, ಮಾತು ಜಾಸ್ತಿ ಆದ್ರೆ ಸೀರೆ ಹಡೀತದೆ. ಏನದು?

ತಲೆ ಕೆರ್ಕೋಬೇಡ್ರಿ, ಬರಲ್ಲ. ನಮ್ಮ ಹೈಸ್ಕೂಲು ಮೇಷ್ಟ್ರಿಗೂ ಬರಲಿಲ್ಲ. "ಲೇ, ಸ್ಕೂಲು ಬಿಟ್ಟೋಗಿ ನನಗೇ ಪರೀಕ್ಷೆ ಕೊಡ್ತೀಯಾ?" ಅಂತ ಅಟ್ಟಿಬಿಟ್ಟರು. ನಮ್ಮ ಮಾವನ ಜೊತೆ ಕೆಲಸ ಮಾಡೋರಿಗೆ ಇಂಥ ಒಗಟು ದಿನಕ್ಕೊಂದು ಹುಟ್ತದೆ.

ಮಾವ ಅಂದ್ರೆ ನಮ್ಮವ್ವನ ತಮ್ಮ. ಚಳ್ಳಕೆರೆಯಲ್ಲಿ ಅವನದು ಮನೆಮನೆಗೆ ವೈರ್ ಎಳೆದು ಇಂಟರ್‌ನೆಟ್ ಕೊಡೋ ಅಂಗಡಿ. ಈಚೆಗೆ ಕಂಪನಿಯವರು "ಇನ್ನು ಮೇಲೆ ಮೊಬೈಲೂ ನಮ್ದೇ, ಸಿಮ್ಮು ಮಾರ್ರಿ" ಅಂದರು. ಮಾವ ಹೊಸ ಬೋರ್ಡು ಬರೆಸಿದ, ಹೊಸ ಶರ್ಟು ಹೊಲಿಸಿದ, ಮದುವೆ ಆಗ್ಬೇಕು ಅಂತಲೂ ತೀರ್ಮಾನ ಮಾಡಿದ.

ಹುಡುಗಿ ಮೊಳಕಾಲ್ಮೂರಿನ ಸೀರೆ ನೇಯೋರ ಮನೇದು, ಮನೆಮಾತು ತೆಲುಗು. ಅವರ ಬೀದಿಗೆ ವೈರ್ ಎಳೆಯೋಕೆ ಹೋದ ಮಾವ ಕಂಬದ ಮೇಲಿಂದಲೇ ಒಪ್ಪಿದ್ದ. ಕೆಳಗೆ ಏಣಿ ಹಿಡಿದಿದ್ದವಳೂ ಒಪ್ಪಿದ್ದಳು. ಒಪ್ಪದಿದ್ದವರು ಅವರಪ್ಪ. "ಏಮಪ್ಪಾ, ನಾನು ಮಗ್ಗದಾಗೆ ಕೂತಾಗ ನಿನ್ನ ಸಿಮ್ಮು ಮಾತಾಡ್ಬೇಕು. ಮಾತಾಡಿದ್ರೆ ಮಗಳು ನಿನ್ನೋಳು. ಇಲ್ಲಾಂದ್ರೆ ವೈರ್ ಸುತ್ಕೊಂಡು ಹೊರಡು."

ಅಜ್ಜಿಯ ವೈರು

ಹೊಸ ಸಿಮ್ಮು ಕೊಳ್ಳೋಕೆ ಮೊದಲು ಬಂದದ್ದು ಕುರಿ ಸಾಕಿರೋ ಒಬ್ಬ ಅಜ್ಜಿ. ಸಿಮ್ಮು ಇಸ್ಕೊಂಡು ಅಲ್ಲೇ ನಿಂತಳು.

"ವೈರು?"

"ಇದಕ್ಕೆ ವೈರ್ ಬೇಡ ಕಣಜ್ಜಿ," ಅಂದ ಮಾವ.

"ನಂಗೇ ಟೋಪಿ ಹಾಕ್ತೀಯೇನೋ? ಮನೇಲಿ ನಿನ್ನ ನೆಟ್ಟು ವೈರ್ನಾಗೇ ತಾನೆ ಬರೋದು? ಇಲಿ ಕಡಿದಾಗ ನಿಂತೋಗಿರ್ಲಿಲ್ವಾ? ನೀರು ಪೈಪಿಲ್ದೆ ಬರ್ತದಾ?"

ಮಾವ ಟವರು, ತರಂಗ ಅಂತ ಶುರು ಮಾಡಿದ. ಅಜ್ಜಿ ಸಿಮ್ಮು ವಾಪಸ್ ಇಟ್ಟಳು. ನಾನು ಸುಮ್ಮನೆ ಒಂದು ಮೊಳ ವೈರ್ ಕತ್ತರಿಸಿ, "ಎಲೆಅಡಿಕೆ ಚೀಲದಾಗೆ ಇಟ್ಕೋ ಅಜ್ಜಿ, ಸಿಗ್ನಲ್ ಓಡಿ ಬರ್ತದೆ," ಅಂದೆ.

ಎರಡು ದಿನ ಬಿಟ್ಟು ಅಜ್ಜಿ ತನ್ನ ಹಟ್ಟಿಯೋರನ್ನೆಲ್ಲ ಕರ್ಕೊಂಡು ಬಂದಳು. "ಇವರಿಗೂ ಕೊಡು ಮಗಾ. ಬಾಳ ಚೆನ್ನಾಗೈತೆ. ನಿನ್ನೆ ಚೀಲ ಮರೆತು ಹೋದೆ, ಒಂದು ಫೋನೂ ಬರಲಿಲ್ಲ."

ಒಬ್ಬೊಬ್ಬರಿಗೂ ಸಿಮ್ಮಿನ ಜೊತೆ ಮೊಳ ವೈರು. ವೈರ್ ಸುರುಳಿ ಖಾಲಿ ಆಯ್ತು, ಜನ ಖಾಲಿ ಆಗಲಿಲ್ಲ. ಗೋಡೆ ಮೇಲೆ ಇನ್ನೊಂದು ವೈರ್ ಕಾಣ್ತು, ಅದನ್ನೂ ಕತ್ತರಿಸಿ ಹಂಚಿದೆ.

ಒಳಗಿಂದ ಮಾವ ಕೂಗಿದ: "ಲೇ, ನಮ್ಮಂಗಡಿ ನೆಟ್ಟೇ ಹೋಯ್ತಲ್ಲೋ!"

ಸೀನಿದ ಫೋನು

ಆಮೇಲೆ ಮೊಳಕಾಲ್ಮೂರಲ್ಲಿ ಮಾವನ ಪರೀಕ್ಷೆ. ಹುಡುಗಿ ಮನೆಯ ಮಗ್ಗದ ಕೋಣೆಗೆ ಕಲ್ಲುಗೋಡೆ, ಎತ್ತರದಲ್ಲಿ ಒಂದು ಬೆಳಕಿಂಡಿ. ನೆಲ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅವಳಪ್ಪ, ಮನೆ ಯಜಮಾನರು, ಕೂತಿದ್ರು. ಬೆಳಕಿಂಡಿ ಹತ್ತಿರ ಹಿಡಿದ್ರೆ ಸಿಗ್ನಲ್ ಐತೆ, ಅವರ ಪಕ್ಕ ಇಟ್ರೆ ಸತ್ತೋಗ್ತದೆ. ಮಾವನ ಹೊಸ ಶರ್ಟು ಒದ್ದೆ ಆಗೋಕೆ ಶುರು ಆಯ್ತು.

ನಾನು ಮೆಲ್ಲಗೆ ಹೊರಗೆ ಹೋಗಿ, ಕಲ್ಲು ಹತ್ತಿ, ಬೆಳಕಿಂಡಿಗೆ ಬಾಯಿ ಇಟ್ಟು "ಟ್ರಿಣ್ ಟ್ರಿಣ್" ಅಂದೆ.

ಯಜಮಾನರು ಫೋನ್ ಕಿವಿಗಿಟ್ಟರು. "ಹಲೋ, ಯಾರು?"

"ಕಂಪನಿಯಿಂದ ಸಾರ್. ನಮ್ಮ ಸಿಮ್ಮು ಹೆಂಗೈತೆ ಸಾರ್?"

"ಅಬ್ಬಾ! ಪಕ್ಕದಾಗೆ ನಿಂತು ಮಾತಾಡ್ದಂಗೈತಲ್ಲಪ್ಪ!"

ಮಾವನ ಮುಖದಾಗೆ ಬಾಸಿಂಗದ ಕಳೆ ಬಂತಂತೆ. ಅಷ್ಟರಲ್ಲಿ ಬೆಳಕಿಂಡಿ ಧೂಳು ಮೂಗಿಗೆ ಹೋಗಿ ನಾನು ಸೀನಿಬಿಟ್ಟೆ. ಯಜಮಾನರು ಫೋನು ಕೆಳಗಿಟ್ಟು, ಬೋಳುತಲೆ ಒರೆಸ್ಕೊಂಡು, ಮೇಲೆ ನೋಡಿದ್ರು.

"ಸ್ಪಷ್ಟವಾಗಿ ಕೇಳ್ತದೆ, ಒಪ್ತೀನಿ. ತುಂತುರೂ ಬರ್ತದೆ ಅಂತ ಹೇಳಿರ್ಲಿಲ್ಲ!"

ಮಗಳ ಗಂಟು

"ಹೊರಡಪ್ಪ," ಅಂದ್ರು ಯಜಮಾನರು. ಮಾವ ಚಪ್ಪಲಿ ಹುಡುಕ್ತಿದ್ದ. ಆಗ ಹುಡುಗಿ ಬಂದಳು. ಫೋನಿನ ಸ್ಪೀಕರ್ ಹಾಕಿ, ರೇಷ್ಮೆ ದಾರದಿಂದ ಮಗ್ಗದ ಮೇಲಿನ ಪಟ್ಟಿಗೆ ಕಟ್ಟಿದಳು. ಗುಂಡಿಯಲ್ಲಿ ಪೆಡಲು ಒತ್ತಿದಾಗೆಲ್ಲ ಮೇಲೇಳ್ತದಲ್ಲ, ಆ ಪಟ್ಟಿ.

"ಈಗ ಒತ್ತು ನಾಯ್ನಾ," ಅಂದಳು ಅಪ್ಪನಿಗೆ.

ಒತ್ತಿದ್ರು. ಫೋನು ಬೆಳಕಿಂಡಿಗೆ ಏರ್ತು. ಹೊರಗಿಂದ ನಾನು ಈ ಸಲ ನಿಜವಾಗ್ಲೂ ಫೋನ್ ಮಾಡಿದೆ, ಹುಡುಗಿ ಕೈ ಚಾಚಿ ಬಟನ್ ಒತ್ತಿದಳು, "ಹಲೋ" ಕೇಳ್ತು. ಕಾಲು ಬಿಟ್ರು, ಫೋನು ಇಳೀತು, ಬಾಯಿ ಮುಚ್ತು. ಒಗಟು ಗೊತ್ತಾಯ್ತಲ್ಲ?

"ಮೋಸ! ಫೋನು ಮೇಲೈತೆ," ಅಂದ್ರು ಯಜಮಾನರು.

"ನೀನು ಗುಂಡಿಯಾಗಿದ್ದೀಯಲ್ಲ ನಾಯ್ನಾ. ನೀನು ಹೇಳಿದ್ದು ಅಷ್ಟೇ ತಾನೆ?" ಅಂದಳು ಮಗಳು.

ಯಜಮಾನರು ಒಪ್ಪಲಿಲ್ಲ. ತೀರ್ಪು ಕೊಟ್ಟದ್ದು ಅಡುಗೆಮನೆಯಿಂದ ಬಂದ ಅವರ ಹೆಂಡತಿ. ಯಜಮಾನರದು ಬಾಯಿ ಜಾಸ್ತಿ. ಒಂದು ಎಳೆ ನೇಯ್ದು ಒಂದು ಪುರಾಣ ಬಿಡೋರು. ಮಗ್ಗ ಸುಮ್ನಿರ್ತಿತ್ತು, ಬಾಯಿ ನೇಯ್ತಿತ್ತು. ಈಗ ಕಾಲು ನಿಂತ್ರೆ ಮಾತೂ ನಿಲ್ತದೆ! ಆಯಮ್ಮ ಗಂಡನ ಕಾಲು ನೋಡಿದ್ರು, ಫೋನ್ ನೋಡಿದ್ರು, ಮಾವನ್ನ ನೋಡಿದ್ರು.

"ಇಷ್ಟು ವರ್ಷ ನನ್ನ ಕೈಲಿ ಆಗದ್ದು ಈ ಹುಡುಗನ ಸಿಮ್ಮಿನ ಕೈಲಿ ಆಯ್ತು. ಇವನಿಗೆ ಕೊಡ್ದೆ ಇನ್ಯಾರಿಗೆ ಕೊಡೋಣ?"

ಮುಗಿಯದ ಸೀರೆ

ಮದುವೆ ಗೊತ್ತಾಯ್ತು. ಧಾರೆ ಸೀರೆ ನಾನೇ ನೇಯ್ತೀನಿ ಅಂತ ಯಜಮಾನರು ಕೂತ್ರು, ಮಾವನಿಗೆ ಫೋನ್ ಹಚ್ಚಿದ್ರು. ಮಾತಿಗೆ ಮಾತು ಬೆಳೀತು. ಒತ್ತಿದ್ರು, ಒತ್ತಿದ್ರು. ಸೀರೆ ಮುಗೀತು, ಮಾತು ಮುಗೀಲಿಲ್ಲ. ಸೆರಗಿನ ಮೇಲೆ ಇನ್ನೊಂದು ಸೆರಗು, ಅದರ ಮುಂದೆ ಮತ್ತೊಂದು ಒಡಲು. ಹುಡುಗಿ ಉಟ್ಟಳು, ಕತ್ತರಿಸದೆ ಅದರ ತುದೀನ ಅವರವ್ವ ಉಟ್ರು, ಆಮೇಲೆ ನಮ್ಮವ್ವ ಉಟ್ಟಳು. ಮೂರು ಜನ ಒಂದೇ ಸೀರೆಯಲ್ಲಿ ಸಾಲಾಗಿ ಮಂಟಪ ಸುತ್ತಿದ್ರು. ಮಿಕ್ಕಿದ್ದನ್ನ ಚಪ್ಪರಕ್ಕೆ ಹೊದಿಸಿದ್ವಿ. ಅಲ್ಲೂ ಮಿಕ್ತು. ಅಷ್ಟೊತ್ತಿಗೂ ಮಗ್ಗದ ಕೋಣೆಯಿಂದ "ಹಲೋ, ಇನ್ನೊಂದು ಮಾತು ಅಳಿಯಂದ್ರೇ..." ಕೇಳ್ತಾನೇ ಇತ್ತು.

ನಿಜ ಹೇಳ್ಬಿಡ್ತೀನಿ. ಈ ಮುಗಿಯದ ಸೀರೆ ಕತೆ ನಾನೇ ನೇಯ್ದದ್ದು. ಮದುವೆ ಇನ್ನೂ ಗೊತ್ತಾಗಿಲ್ಲ. ಹೆಂಡತಿ ಹೂಂ ಅಂದ್ರೂ ಯಜಮಾನರು "ನೋಡೋಣ" ಅಂತ ಎಳೀತಾ ಅವ್ರೆ. ಅದಕ್ಕೇ ಮಾವ, "ಲೇ, ಮದುವೆ ಆಯ್ತು ಅಂತಲೇ ಬರಿ. ಊರೆಲ್ಲ ಓದಿ ಊಟ ಯಾವಾಗ ಅಂತ ಅವರನ್ನೇ ಕೇಳ್ಲಿ," ಅಂದ.

ಮೊಳಕಾಲ್ಮೂರು ಕಡೆ ಹೋದ್ರೆ ಊಟ ಯಾವಾಗ ಅಂತ ನೀವೂ ಒಂದು ಮಾತು ಕೇಳ್ರಿ. ಫೋನಾಗಾದ್ರೆ ಅವರು ಪೆಡಲು ಒತ್ತಿರೋವಾಗ ಕೇಳ್ರಿ.