ಆಪಲ್‌ಟಾರ್ಟ್‌ನ ಶಿಥಿಲ ಭಾಗ ತೆರವು ಕಾಮಗಾರಿ

ನೆದರ್ಲೆಂಡ್ಸ್‌ನ ಆಮರ್ಸ್‌ಫೋರ್ಟ್ ನಗರದ ಒಂದು ಬಡಾವಣೆಯಲ್ಲಿ, ಅಕ್ಟೋಬರ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಆಗಷ್ಟೇ ಓವನ್ನಿನಿಂದ ಇಳಿದ ಆಪಲ್‌ಟಾರ್ಟ್ ಒಂದನ್ನು ಸಂರಕ್ಷಿತ ಪರಂಪರೆಯೆಂದು ಘೋಷಿಸಲಾಯಿತು. ಮರುಕ್ಷಣದಿಂದ ಸದರಿ ಟಾರ್ಟನ್ನು ಕತ್ತರಿಸುವುದು, ಕಚ್ಚುವುದು, ನೆಕ್ಕುವುದು ಹಾಗೂ ಅದರ ಮೇಲೆ ಹೆಸರು ಕೆತ್ತುವುದು ನಿಷಿದ್ಧವಾಯಿತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಎಲ್ಲವೂ ಕ್ರಮಬದ್ಧವಾಗಿಯೇ ನಡೆದಿತ್ತು.

ಹುಳಿ ಸೇಬಿನ ಹೋಳುಗಳಿಗೆ ದಾಲ್ಚಿನ್ನಿ, ಒಣದ್ರಾಕ್ಷಿ ಬೆರೆಸಿ, ಬೆಣ್ಣೆಹಿಟ್ಟಿನ ಗೋಡೆಯೊಳಗೆ ತುಂಬಿ, ಮೇಲೆ ಹಿಟ್ಟಿನ ಪಟ್ಟಿಗಳನ್ನು ಜಾಲರಿಯ ಹಾಗೆ ಹೆಣೆದು ಬೇಯಿಸುವ ಈ ತಿನಿಸಿನ ಹಬ್ಬ ಮಾಡಬೇಕೆಂದು ಬಡಾವಣೆಯ ಪರಂಪರಾ ಸಮಿತಿ ತೀರ್ಮಾನಿಸಿತ್ತು. ಅಧ್ಯಕ್ಷ ವೌಟರ್ ಸ್ವತಃ ಮನೆ ಮನೆಗೆ ಹೋಗಿ ವಿಚಾರಿಸಿದರು. ಎಲ್ಲರೂ ತಮ್ಮ ಅಜ್ಜಿಯ ಟಾರ್ಟನ್ನು ಗದ್ಗದಿತರಾಗಿ ನೆನೆದು, ಫ್ರೀಜರಿನಿಂದ ಸೂಪರ್‌ಮಾರ್ಕೆಟ್ಟಿನ ಡಬ್ಬ ತೆಗೆದು ತೋರಿಸಿದರು. ಶಾಸ್ತ್ರೋಕ್ತವಾಗಿ ಟಾರ್ಟ್ ಬೇಯುತ್ತಿದ್ದ ಮನೆ ಒಂದೇ ಒಂದು, ಅದೂ ಹುಬ್ಬಳ್ಳಿಯ ನಸೀಮಾಳದು. ಇದರಿಂದ ಸಮಿತಿಗೆ ಕೊಂಚ ಕಸಿವಿಸಿಯಾಯಿತು. ಆದರೆ ಕಸಿವಿಸಿಯನ್ನು ಕಾರ್ಯಸೂಚಿಯಲ್ಲಿ ಸೇರಿಸಿರಲಿಲ್ಲವಾದ್ದರಿಂದ ಅದು ಚರ್ಚೆಗೆ ಬರಲಿಲ್ಲ.

ನಸೀಮಾಳಿಗೆ ಟಾರ್ಟ್ ಕಲಿಸಿದವರು ಪಕ್ಕದ ಮನೆಯ ಟಿನಿ ಅಜ್ಜಿ. ನಸೀಮಾ ಈ ಊರಿಗೆ ಬಂದ ಹೊಸದರಲ್ಲಿ, ಇಡೀ ಬೀದಿ ಕಿಟಕಿಯಿಂದಲೇ ಕೈಬೀಸಿ ಸುಮ್ಮನಾಗಿದ್ದಾಗ, ಬಾಗಿಲು ತಟ್ಟಿ ಒಂದು ತುಂಡು ಟಾರ್ಟ್ ಕೊಟ್ಟವರು ಅವರೊಬ್ಬರೇ. ಖಾಲಿ ತಟ್ಟೆ ವಾಪಸ್ ಕೊಡಬಾರದಲ್ಲ, ನಸೀಮಾ ಅದರಲ್ಲಿ ಗೋಧಿ ಹುಗ್ಗಿ ಹಾಕಿ ಕೊಟ್ಟಳು. ತುಂಬಿದ ತಟ್ಟೆ ಬಂದರೆ ತುಂಬಿಸಿಯೇ ಕಳಿಸಬೇಕೇನೋ ಎಂದು ಅಜ್ಜಿ ತಿಳಿದರು. ಅಂದಿನಿಂದ ಆ ತಟ್ಟೆ ನಿಂತೇ ಇಲ್ಲ. ಅದು ಮೂಲತಃ ಯಾರದೆಂದು ಇಬ್ಬರಿಗೂ ಮರೆತುಹೋಗಿದೆ. ಈಗ ಅಜ್ಜಿಯ ಕೈ ನಡುಗುತ್ತದೆ, ಹಿಟ್ಟು ನಾದಲಾಗುವುದಿಲ್ಲ. ನಸೀಮಾಳ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬೈಯುವುದಷ್ಟೇ ಅವರ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತಾರೆ.

ಹಬ್ಬದ ದಿನವೇ ಅಜ್ಜಿಯ ಹುಟ್ಟುಹಬ್ಬ. "ಬಿಸಿ ಇರುವಾಗಲೇ ಒಂದು ತುಂಡು, ಮೇಲೆ ಕ್ರೀಮ್. ಅಮ್ಮ ಹಾಗೇ ಕೊಡ್ತಿದ್ದಳು. ಬೇರೇನೂ ಬೇಡ. ಮುಂದಿನ ವರ್ಷ ನಾನು ಇರ್ತೀನೋ ಇಲ್ವೋ," ಅಂದಿದ್ದರು. ನಸೀಮಾಳಿಗೆ ಹಬ್ಬವೆಂದರೆ ಇದಿಷ್ಟೇ ಆಗಿತ್ತು.

ಸಮಿತಿಯ ವಿಶೇಷ ಸಲಹೆಗಾರರನ್ನು ಇಲ್ಲಿ ಪರಿಚಯಿಸಬೇಕು. ಮೈಸೂರಿನ ಗೋವಿಂದರಾಜು ಅವರು ಲೋಕೋಪಯೋಗಿ ಇಲಾಖೆಯ ನಿವೃತ್ತ ಎಂಜಿನಿಯರ್. ಮೂರು ತಿಂಗಳ ವೀಸಾದ ಮೇಲೆ ಮಗಳು ಸ್ಪಂದನಾಳ ಮನೆಗೆ ಬಂದಿದ್ದರು. ಮಾಡಲು ಕೆಲಸವಿಲ್ಲದೆ, ಬೀದಿಯಲ್ಲಿ ಅಗೆದ ಗುಂಡಿ ಅದೇ ದಿನ ಮುಚ್ಚಿಹೋಗುವುದನ್ನು ನೋಡಿ ನೋಡಿ ಮಂಕಾಗಿದ್ದರು. ಒಂದು ಸಂಜೆ ಅವರಿಗೆ ವೌಟರ್ ಸಿಕ್ಕರು. ಅಪೆಂಡಿಕ್ಸ್ ಇಲ್ಲದ ನಿಯಮಾವಳಿಯನ್ನು ಇಬ್ಬರೂ ಸಮಾನವಾಗಿ ದ್ವೇಷಿಸುತ್ತಾರೆಂಬುದು ಹತ್ತೇ ನಿಮಿಷದಲ್ಲಿ ತಿಳಿಯಿತು. ಹಳೇ ಕಟ್ಟಡಗಳ ಸಂರಕ್ಷಣಾ ನಿಯಮವನ್ನೇ ತೆಗೆದುಕೊಂಡು 'ಕಟ್ಟಡ' ಇದ್ದಲ್ಲೆಲ್ಲ 'ಟಾರ್ಟ್' ಎಂದು ಹಾಕಿದ್ದು ಇವರಿಬ್ಬರ ಜಂಟಿ ಸಾಧನೆ.

ಹಾಗಾಗಿ ಆ ಶನಿವಾರ ಸಮುದಾಯ ಭವನದಲ್ಲಿ ರಿಬ್ಬನ್ ಕತ್ತರಿಸಿ, ಚಪ್ಪಾಳೆ ತಟ್ಟಿ, ನಸೀಮಾ ಬೇಯಿಸಿ ತಂದ ಟಾರ್ಟನ್ನು ಪರಂಪರೆಯೆಂದು ಘೋಷಿಸಿದ್ದಾಯಿತು. ಟಿನಿ ಅಜ್ಜಿ ಫೋರ್ಕ್ ಎತ್ತಿದಾಗ ವೌಟರ್ ಕೈ ಅಡ್ಡ ಹಿಡಿದರು.

"ಕ್ಷಮಿಸಿ ಮೇಡಂ. ಇದೀಗ ಇದು ಪರಂಪರೆ. ತಿನ್ನಲು ಬರುವುದಿಲ್ಲ."

ಅಜ್ಜಿ ಜಗಳ ಆಡಿದ್ದರೆ ನಸೀಮಾಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. "ಓ, ನಿಯಮ ಇದೆಯಾ? ಹಾಗಾದರೆ ಸರಿ," ಎಂದು ಫೋರ್ಕನ್ನು ಮೆಲ್ಲಗೆ ಕೆಳಗಿಟ್ಟು, ಟಾರ್ಟಿನಿಂದ ಏಳುತ್ತಿದ್ದ ಹಬೆಯನ್ನೇ ನೋಡುತ್ತ ಕೂತುಬಿಟ್ಟರು. ನಸೀಮಾ ನೆಟ್ಟಗೆ ಗೋವಿಂದರಾಜು ಅವರ ಬಳಿ ನಡೆದಳು.

"ಏನ್ ಸರ್, ಇದೇನು ಕೋಟೇನ್ರಿ? ತಿನ್ನೂದು ಐತ್ರಿ ಇದು! ಆ ಅಜ್ಜೀದು ಇವತ್ತ ಹುಟ್ಟುಹಬ್ಬ ಐತ್ರಿ."

"ನೋಡಮ್ಮ, ನಂಗೂ ಪಾಪ ಅನ್ಸುತ್ತೆ. ಆದ್ರೆ ಡಿಕ್ಲೇರ್ ಆದ್ಮೇಲೆ ಒಂದು ಇಟ್ಟಿಗೇನೂ ಅಲ್ಲಾಡ್ಸೋ ಹಾಗಿಲ್ಲ."

"ತಾನ ಬಿದ್ರ?"

"ಏನು?"

"ತಾನ ಬೀಳಾಕತ್ತಿದ್ರ ಏನ್ ಮಾಡ್ತಿದ್ರಿ ನೀವು?"

ಗೋವಿಂದರಾಜು ಅವರ ಕಣ್ಣು ಮಿನುಗಿತು. ನಿವೃತ್ತರಾದ ಮೇಲೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲ. ಕನ್ನಡಕ ಏರಿಸಿ, ಬಗ್ಗಿ, ಟಾರ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆರುತ್ತಿದ್ದ ಟಾರ್ಟಿನ ಜಾಲರಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

"ಮಿಸ್ಟರ್ ವೌಟರ್! ಕ್ರ್ಯಾಕ್! ಪಶ್ಚಿಮದ ಗೋಡೆಯಲ್ಲಿ ಸೋರಿಕೆ ಬೇರೆ!"

ವೌಟರ್ ಬಿಳಿಚಿಕೊಂಡರು. ಸೇಬಿನ ರಸ ನಿಜವಾಗಿಯೂ ಸೋರುತ್ತಿತ್ತು. ಸಾರ್ವಜನಿಕರು ಎರಡು ಹೆಜ್ಜೆ ಹಿಂದೆ ಸರಿಯಬೇಕೆಂದು ಪ್ರಕಟಣೆ ಹೊರಟಿತು, ಎಲ್ಲರೂ ಸರಿದರು. ಶಿಥಿಲ ಭಾಗವನ್ನು ತುರ್ತಾಗಿ ತೆರವುಗೊಳಿಸಲು ಸಭೆ ಸರ್ವಾನುಮತದಿಂದ ಒಪ್ಪಿತು. ಮೂಲ ನಿರ್ಮಾಣದ ಅನುಭವ ಇರುವವರೇ ಆ ಕೆಲಸ ಮಾಡಬೇಕೆಂಬ ನಿಯಮದಡಿ ಟಿನಿ ಅಜ್ಜಿ ಗುತ್ತಿಗೆದಾರರಾಗಿ ನೇಮಕಗೊಂಡರು. ಸುರಕ್ಷತೆಯ ದೃಷ್ಟಿಯಿಂದ ನಸೀಮಾಳ ಮಗಳು ಬಿಸ್ಮಾಳ ಗುಲಾಬಿ ಬಣ್ಣದ ಸೈಕಲ್ ಹೆಲ್ಮೆಟನ್ನು ಅವರ ತಲೆಗೆ ಹಾಕಲಾಯಿತು.

"ಅವಶೇಷ ಎಲ್ಲಿಗೆ?" ವೌಟರ್ ಚಿಂತೆಗೀಡಾದರು. "ಹಸಿ ಕಸಕ್ಕೋ, ಒಣ ಕಸಕ್ಕೋ?"

"ಆನ್ ಸೈಟ್ ಡಿಸ್ಪೋಸಲ್," ಅಂದರು ಗೋವಿಂದರಾಜು. "ಗುತ್ತಿಗೆದಾರರ ಜವಾಬ್ದಾರಿ."

"ಮತ್ತ ಕ್ರೀಮ್ ರೀ?" ನಸೀಮಾ ಪಿಸುಗುಟ್ಟಿದಳು.

"ಸುಣ್ಣ ಬಳಿಯದೆ ಆಗುತ್ತೇನಮ್ಮ? ಕೆಡವೋ ಗೋಡೆಗೆ ಹಿಂದಿನ ದಿನ ಸುಣ್ಣ ಬಳಿಯೋದು ನಮ್ಮ ಡಿಪಾರ್ಟ್‌ಮೆಂಟಿನ ಪದ್ಧತಿ."

ಸುಣ್ಣ ಬಳಿಯಲಾಯಿತು. ಅಜ್ಜಿ ಮೊದಲ ತುಂಡನ್ನು ವಿಲೇವಾರಿ ಮಾಡಿ ಕಣ್ಣು ಮುಚ್ಚಿದರು. ಟಾರ್ಟ್ ಇನ್ನೂ ಬಿಸಿಯಾಗಿತ್ತು. "ಅಮ್ಮ," ಅಂದರು, ಅಷ್ಟೇ. ಹೆಲ್ಮೆಟ್ ಒಂದು ಕಡೆ ವಾಲಿತು. ನಸೀಮಾಳಿಗೆ ಅಳು ಬಂತು, ಅವಳು ತಡೆದುಕೊಳ್ಳಲಿಲ್ಲ.

ಇದನ್ನು ನೋಡುತ್ತಿದ್ದಂತೆ ಎಲ್ಲರಿಗೂ ತಮ್ಮ ತಮ್ಮ ಎದುರಿನ ಭಾಗದಲ್ಲಿ ಬಿರುಕು ಕಾಣಿಸತೊಡಗಿತು. ಸೈಕಲ್ ಬುಟ್ಟಿಗಳಿಂದ ಹೆಲ್ಮೆಟ್‌ಗಳು ಬಂದವು. ಇಲ್ಲದವರು ತಲೆಗೆ ಸಾಸ್‌ಪ್ಯಾನ್ ಮಗುಚಿಕೊಂಡು ಸರದಿಯಲ್ಲಿ ನಿಂತರು. ಗೋವಿಂದರಾಜು ಸಸ್ಯಾಹಾರಿಗಳು, ಮೊಟ್ಟೆ ಹಾಕಿದ್ದೀಯಾ ಎಂದು ವಿಚಾರಿಸಿದರು. ಹಾಕಿದೆ ಎಂದು ತಿಳಿದ ಮೇಲೆ, ಹಿಂದಿನ ಕಾಲದ ಗಾರೆಗೂ ಮೊಟ್ಟೆ ಹಾಕುತ್ತಿದ್ದರೆಂದು ಸ್ಮರಿಸಿ, ತಾಂತ್ರಿಕ ಪರಿಶೀಲನೆಗೆಂದು ಎರಡು ತುಂಡು ತೆಗೆದುಕೊಂಡರು. ತಟ್ಟೆ ಖಾಲಿಯಾಯಿತು. ಪರಂಪರೆ ಸಂಪೂರ್ಣವಾಗಿ ಸಂರಕ್ಷಣೆಗೊಂಡಿತು.

ನಿಯಮದಂತೆ, ತೆರವಾದ ಸಂರಕ್ಷಿತ ಟಾರ್ಟನ್ನು ಅದೇ ಜಾಗದಲ್ಲಿ, ಅದೇ ಸಾಮಗ್ರಿಯಿಂದ, ಏಳು ದಿನದೊಳಗೆ ಮರುನಿರ್ಮಿಸಲು ನಸೀಮಾಳಿಗೆ ಆದೇಶವಾಯಿತು. ವೌಟರ್ ಅದನ್ನು ಎದ್ದು ನಿಂತು ಓದಿದರು.

ಟಿನಿ ಅಜ್ಜಿ ಮೂಗಿನ ಮೇಲಿನ ಸುಣ್ಣ ಒರೆಸಿಕೊಂಡು ನಸೀಮಾಳ ಕೈ ಹಿಡಿದರು. "ಮುಂದಿನ ಶನಿವಾರವೂ ಕುಸಿಯುತ್ತಾ?"

ನಸೀಮಾ ಡಚ್ಚಿನಲ್ಲಿ ಏನೋ ಉತ್ತರ ಕೊಟ್ಟಳು. ಏನಂದೆ ಎಂದು ಗೋವಿಂದರಾಜು ಕೇಳಿದರು.

"ಕುಸಿಯೋ ಹಂಗ ಕಟ್ತೀನಿ ಅಂದೆ ರೀ."

ಗೋವಿಂದರಾಜು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷ ಸೇವೆ ಮಾಡಿದ ಇಲಾಖೆ ಪರದೇಶದಲ್ಲೂ ಬೇರು ಬಿಟ್ಟಿದ್ದನ್ನು ಕಂಡು ಅವರ ಕಣ್ಣು ತುಂಬಿ ಬಂದಿತ್ತು. ಅವರು ಮೈಸೂರಿಗೆ ಮರಳಿ ಬಹಳ ದಿನಗಳಾದರೂ, ಆ ಬಡಾವಣೆಯ ಟಾರ್ಟ್ ಪ್ರತಿ ಶನಿವಾರ ಮಧ್ಯಾಹ್ನ ಕಾಫಿಯ ಹೊತ್ತಿಗೆ ಸರಿಯಾಗಿ ಶಿಥಿಲಗೊಳ್ಳುತ್ತಿದೆ. ಜನ ಹೆಲ್ಮೆಟ್ ಹಾಕಿಕೊಂಡು ಬಂದು, ಬಿರುಕನ್ನು ಪರೀಕ್ಷಿಸಿ, ತಲೆ ಅಲ್ಲಾಡಿಸಿ, ಕೆಲಸಕ್ಕೆ ಕೂರುತ್ತಾರೆ. ಮೊದಲ ತುಂಡು ಟಿನಿ ಅಜ್ಜಿಯದೇ.