ತಿರುಗುತ್ತಿರುವವರೆಗೂ ಡಿಸ್ಕು ಬದಲಿಸದ ಉಗ್ರಾಣಾಧಿಕಾರಿಗಳಿಗೆ

ಆಸ್ಪತ್ರೆಯ ಉಗ್ರಾಣದ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಮೇಜಿನ ಗಾಜು, ಗಾಜಿನ ಕೆಳಗಿನ ನಿಯಮಗಳು, ನಿಯಮಗಳ ಮೇಲೆ ಊರಿದ ತಮ್ಮ ಮೊಣಕೈ ಎಲ್ಲವೂ ಕ್ಷೇಮವೆಂದು ನಂಬಿ, ಹಿಟ್ಟಿನ ಗಿರಣಿ ನಡೆಸಿ ಬದುಕು ಕಟ್ಟಿಕೊಂಡ ನಾನು ಹಿಟ್ಟು ಮೆತ್ತಿದ ಕೈಯಿಂದಲೇ ಸಲ್ಲಿಸುವ ವಂದನೆಗಳು.

ನನ್ನ ಅಕ್ಕನ ಎದೆಯ ಸ್ಕ್ಯಾನಿನಲ್ಲಿ ಈ ತಿಂಗಳು ಒಂದು ನೆರಳು ಕಂಡಿದೆ. ಎರಡು ವರ್ಷದ ಹಿಂದೆಯೂ ಅದು ಇತ್ತೇ, ಇದ್ದರೆ ಈಗ ಬೆಳೆದಿದೆಯೇ ಎಂದು ನೋಡಲು ಡಾಕ್ಟರು ಹಳೆಯ ಸ್ಕ್ಯಾನ್ ಕೇಳಿದರು. ಅದು ಇದ್ದದ್ದು ತಮ್ಮ ಸ್ಕ್ಯಾನ್ ಕೋಣೆಯ ಹಾರ್ಡ್ ಡಿಸ್ಕಿನಲ್ಲಿ. ಒಂಬತ್ತು ವರ್ಷ ದುಡಿದ ಆ ಡಿಸ್ಕು ಹೋದ ಸೋಮವಾರ ಕಣ್ಣು ಮುಚ್ಚಿತು.

ಅದು ಹೇಳದೆ ಕೇಳದೆ ಹೋಗಲಿಲ್ಲ ಎಂಬುದನ್ನು ಅದರ ಪರವಾಗಿ ಹೇಳಲೇಬೇಕು. ಆರು ತಿಂಗಳ ಹಿಂದೆಯೇ, ದಿನಾ ಬೆಳಿಗ್ಗೆ, ಇದ್ದುದನ್ನೆಲ್ಲ ಬೇರೆಡೆಗೆ ಸಾಗಿಸಿಕೊಳ್ಳಿರೆಂದು ಪರದೆಯ ಮೇಲೆ ಕೆಂಪಕ್ಷರದಲ್ಲಿ ಬೇಡಿಕೊಂಡಿತ್ತು. ಕಟಕಟ ಎಂದು ನರಳಿಯೂ ಇತ್ತು. ಕೋಣೆಯ ಆಪರೇಟರಮ್ಮ ಮೂರು ಸಲ ಬರೆದುಕೊಟ್ಟ ಮೇಲೆ ತಾವು ಖುದ್ದಾಗಿ ದಯಮಾಡಿಸಿ, ಪೆಟ್ಟಿಗೆಗೆ ಕಿವಿಯಿಟ್ಟು, "ತಿರುಗ್ತಾ ಇದೆಯಲ್ಲಮ್ಮ, ತಿರುಗೋದನ್ನ ಯಾರಾದ್ರೂ ಬದಲಾಯಿಸ್ತಾರಾ?" ಎಂದು ತೀರ್ಪಿತ್ತಿರಂತೆ. ಕೆಂಪಕ್ಷರ ಕಂಡರೆ ರೋಗಿಗಳು ಹೆದರುತ್ತಾರೆಂದು ಅದು ಬರದ ಹಾಗೆಯೂ ಮಾಡಿಸಿದಿರಂತೆ. ನಾಯಿಯ ಬಾಯಿ ಕಟ್ಟಿ, ಕಳ್ಳರ ಕಾಟ ತಪ್ಪಿತೆಂದು ನೆಮ್ಮದಿಯಾಗಿ ಮಲಗುವ ಈ ವಿದ್ಯೆ ಎಲ್ಲರಿಗೂ ಒಲಿಯುವಂಥದ್ದಲ್ಲ.

ನಕಲು ಇಡಿಸುವುದನ್ನೂ ತಾವು ಮರೆತಿರಲಿಲ್ಲ. ನಕಲು ಇತ್ತು: ಅದೇ ಡಿಸ್ಕಿನಲ್ಲಿ, ಪಕ್ಕದ ಫೋಲ್ಡರಿನಲ್ಲಿ! ಎರಡನೆಯ ಕೀಲಿಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿ ಬಂದವನು ಕೂಡ ತಮ್ಮೆದುರು ಕೈಕಟ್ಟಿ ಪಾಠ ಕಲಿಯಬೇಕು.

ನಾನು ದಡ್ಡ. ಗಿರಣಿಗೆ ಬೆಲ್ಟು ಹಾಕಿದ ದಿನವನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದಿಡುತ್ತೇನೆ. ಹದಿನಾಲ್ಕು ತಿಂಗಳಾದರೆ, ಅದು ಮದುಮಗನ ಹಾಗೆ ಮಿಂಚುತ್ತಿದ್ದರೂ ಬಿಚ್ಚುತ್ತೇನೆ. ಅದಕ್ಕೂ ಮೊದಲೇ ಅಂಚು ಎಳೆ ಬಿಟ್ಟರೆ ಅವತ್ತೇ ಬಿಚ್ಚುತ್ತೇನೆ. "ಗಟ್ಟಿ ಇರೋದನ್ನ ಯಾಕೋ ಕೀಳ್ತೀಯ, ಕೈ ತುರಿಸುತ್ತಾ?" ಎಂದು ಅಕ್ಕನೇ ಬೈದದ್ದುಂಟು. ಅದು ಹರಿದರೆ ಹೆಚ್ಚೆಂದರೆ ನಾಲ್ಕು ಮನೆಯಲ್ಲಿ ಅಡುಗೆ ತಡವಾದೀತು, ಅಷ್ಟೇ.

ಹೋಲಿಸಲು ಏನೂ ಉಳಿದಿಲ್ಲವಾದ್ದರಿಂದ, ಮೂರು ತಿಂಗಳು ಕಾದು ಮತ್ತೊಂದು ಸ್ಕ್ಯಾನ್ ಮಾಡಿ ನೋಡೋಣ ಎಂದಿದ್ದಾರೆ ಡಾಕ್ಟರು. "ಅಲ್ಲೀವರೆಗೂ ಏನ್ ಮಾಡ್ಲೋ, ಉಸಿರು ಬಿಗಿಹಿಡ್ಕೊಂಡು ಕೂತಿರ್ಲಾ?" ಎಂದು ಅಕ್ಕ ನಗುತ್ತಾಳೆ, ನಗು ಅರ್ಧದಲ್ಲೇ ಕೆಮ್ಮಾಗುತ್ತದೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ: ಡಿಸ್ಕನ್ನು ಬದುಕಿಸಿಕೊಡಿ ಎಂದು ಕೇಳುವಷ್ಟು ದುರಾಸೆ ನನಗಿಲ್ಲ. ಅಕ್ಕನ ಎದೆಯೊಳಗಿನ ಆ ನೆರಳಿಗೆ ತಾವೊಂದು ಆದೇಶ ಹೊರಡಿಸಬೇಕು. ಮೂರು ತಿಂಗಳು ಅದು ಕೂತಲ್ಲಿಂದ ಅಲ್ಲಾಡಕೂಡದು. ಬೆಳೆಯಬೇಕೆನಿಸಿದರೆ ಮೂರು ಪ್ರತಿಗಳಲ್ಲಿ ತಮಗೆ ಅರ್ಜಿ ಸಲ್ಲಿಸಬೇಕು. ತಮ್ಮ ಮೇಜಿಗೆ ಬಂದ ಯಾವ ಅರ್ಜಿಯೂ ಈವರೆಗೆ ಒಂದಂಗುಲ ಮುಂದೆ ಹೋಗಿಲ್ಲ ಎಂಬ ಖ್ಯಾತಿಯೊಂದೇ ಈಗ ನಮಗೆ ಉಳಿದಿರುವ ಧೈರ್ಯ.

ಬೇರೆ ಗತಿಯಿಲ್ಲದೆ ತಮ್ಮ ವಿಶ್ವಾಸಿ,
ಗಿರಣಿಯವನು

ತಾ.ಕ.: ಉಗ್ರಾಣದಲ್ಲಿ ಹೊಸ ಡಿಸ್ಕು ಇರಲಿಲ್ಲವೇನೋ ಎಂದು ತಮ್ಮ ಬಗ್ಗೆ ಸ್ವಲ್ಪ ಕರುಣೆ ಇತ್ತು. ಎಂಟು ತಿಂಗಳಿಂದ ಅದು ತಮ್ಮ ಬೀರುವಿನಲ್ಲೇ ಇದೆಯೆಂದೂ, ಬಳಸಿದರೆ ಹಳೆಯದಾಗುತ್ತದೆಂದು ತಾವು ಹೊದಿಕೆ ಕೂಡ ಬಿಚ್ಚಿಲ್ಲವೆಂದೂ ಇಂದು ತಿಳಿಯಿತು. ಆ ಕರುಣೆಯನ್ನು ಈ ಮೂಲಕ ಹಿಂಪಡೆದಿದ್ದೇನೆ.